ಗೀಸರ್‌ನೊಳಗೆ ಅಳ್ಳು ಹುರಿಯುವ ಸಪ್ಪಳ

ನಮ್ಮ ಗೀಸರ್ 15 ಲೀಟರಿನದು, 2,000 ವ್ಯಾಟ್. ಆರು ವರ್ಷ ಅದು ಗೋಡೆಯ ಮೇಲಿದೆ ಅನ್ನುವುದೇ ನಮಗೆ ನೆನಪಿರಲಿಲ್ಲ. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸ್ವಿಚ್ ಹಾಕಿ ಐದು ನಿಮಿಷ ಆಗಿರಬೇಕು, ಒಳಗಿನಿಂದ ಪಟ್ ಪಟ್ ಅಂತ ಶುರುವಾಯಿತು. ಪಂಚಮಿಗೆ ಜೋಳದ ಅಳ್ಳು ಹುರಿಯುತ್ತಾರಲ್ಲ, ಥೇಟ್ ಹಾಗೆ. ಆಮೇಲೆ ಗೊರಗೊರ. ಗೋಡೆಯ ಆಚೆ ಮಲಗಿದ್ದ ಅವ್ವ ಎದ್ದು ಬಂದು, "ಏನ್ ಒಡದ್ಯೋ?" ಅಂದಳು.

ನಾವಿರುವುದು ಪುಣೆಯ ವಾಘೋಲಿಯಲ್ಲಿ. ರಿಪೇರಿಯವನಿಗೆ ಫೋನ್ ಮಾಡಿದೆ. ಬಂದ, ಒಂದು ನಿಮಿಷ ಕಿವಿಗೊಟ್ಟ, "ಕಾಯಿಲ್ ಗೇಲೀ, ಸಾಹೇಬ್" ಅಂದ. ನೀರು ಕಾಯಿಸುವ ಕಾಯಿಲ್ ಹೋಗಿದೆ ಅಂತ ಹೊಸದು ಹಾಕಿ ಹೋದ. ಎರಡು ತಿಂಗಳು ಗೀಸರ್ ಗಪ್‌ಚುಪ್. ಮೂರನೇ ತಿಂಗಳು ಮತ್ತೆ ಅದೇ ಪಟಪಟ. ಈ ಸಲ ಅವನು ಬೇರೆ ಗೀಸರ್ ತಗೊಳ್ಳಿ ಅಂದ. ಆಗ ನನಗೆ ಸ್ವಲ್ಪ ಹಟ ಬಂತು.

ಮೊದಲು ಸಪ್ಪಳ ಎಲ್ಲಿಂದ ಬರುತ್ತಿದೆ ಅಂತ ನೋಡಿದೆ. ನಲ್ಲಿ ಬಿಟ್ಟು ಮುಚ್ಚಿದಾಗ ದಡ್ ಅಂದರೆ ಅದು ಪೈಪಿನದು. ಸಿಳ್ಳೆ ಹೊಡೆದಂತೆ ಕೇಳಿದರೆ ವಾಲ್ವಿನದು ಇರಬಹುದು. ನಮ್ಮದು ಎರಡೂ ಅಲ್ಲ. ಸ್ವಿಚ್ ಹಾಕಿದರೆ ಮಾತ್ರ ಶುರು, ಆರಿಸಿದರೆ ಎರಡು ನಿಮಿಷದಲ್ಲಿ ಬಂದ್. ಬಿಸಿನೀರಿನ ನಲ್ಲಿ ಬಿಟ್ಟು ತಣ್ಣೀರು ಒಳಗೆ ಹೋದರೂ ಸಪ್ಪಳ ಅಡಗುತ್ತಿತ್ತು. ಅಂದರೆ ಕಾಯಿಸುವ ಜಾಗದಲ್ಲೇ ಏನೋ ಇದೆ.

ಇದನ್ನೆಲ್ಲ ನಾನು ದೊಡ್ಡ ಶೋಧ ಮಾಡಿದವನ ಹಾಗೆ ಹೇಳುತ್ತಿದ್ದರೆ ಅವ್ವ ಸುಮ್ನೆ ಕೇಳಿ, "ಇದು ಮಷೀನಿನ ಸಪ್ಪಳ ಅಲ್ಲಪಾ, ನೀರಿಂದು. ಗದಗಿನ್ಯಾಗ ನಮ್ಮ ನೀರು ಕಾಸೋ ಬಂಬದಾಗೂ ಹಿಂಗ ಆಗತಿತ್ತು. ಬಿಳಿ ಹಕ್ಕಳಿ ಕೆರದು ತಗದ್ರ ನಿಂದರತಿತ್ತು" ಅಂದಳು.

ಅವಳು ಹೇಳಿದ್ದೇ ಸರಿ. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಗಟ್ಟಿಯಾಗಿ ಕಾಯಿಲ್ ಮೇಲೆ ಕೂರುತ್ತದೆ. ಆ ಪದರದ ಸಂದಿಯಲ್ಲಿ ಸ್ವಲ್ಪ ನೀರು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಓಡಾಡಲು ಜಾಗ ಇಲ್ಲ, ಕಾಯಿಲ್‌ನ ಶಾಖವೆಲ್ಲ ಅದಕ್ಕೇ ತಾಗಿ ಕುದಿದು ಆವಿಯಾಗುತ್ತದೆ. ಗುಳ್ಳೆ ಹೊರಗೆ ನುಗ್ಗಿ ಸುತ್ತಲಿನ ತಣ್ಣೀರಿಗೆ ತಾಗಿದ ಕೂಡಲೇ ಕುಸಿಯುತ್ತದೆ. ಆ ಕುಸಿತವೇ ಪಟ್ ಅನ್ನುವುದು. ಕಾಯಿಲ್ ಬದಲಿಸಿದರೂ ಸಪ್ಪಳ ಮರಳಿದ್ದು ಯಾಕೆ ಅಂತ ಈಗ ಗೊತ್ತಾಯಿತು. ಉದುರಿದ ಚಕ್ಕೆಗಳೆಲ್ಲ ಟ್ಯಾಂಕಿನ ತಳದಲ್ಲೇ ಇದ್ದವು, ಹೊಸ ಕಾಯಿಲ್ ಅದರ ನಡುವೆಯೇ ಕೂತಿತ್ತು.

ಪುಣೆ ಊರೊಳಗೆ ಬರುವ ಖಡಕವಾಸ್ಲಾ ಕಡೆಯ ಅಣೆಕಟ್ಟಿನ ನೀರು ಸಹ್ಯಾದ್ರಿಯ ಮಳೆನೀರು, ಮೆದು. ಆ ನೀರು ಬರುವ ಕೋಥ್ರೂಡಿನ ಗೆಳೆಯನ ಮನೆಯಲ್ಲಿ ಸೋಪು ಮುಟ್ಟಿದರೆ ನೊರೆ. ನಮ್ಮ ಸೊಸೈಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್. ನೀರು ಪರೀಕ್ಷಿಸುವ ಕಿಟ್ ತಂದು ನೋಡಿದರೆ ಗಡಸುತನ ಲೀಟರಿಗೆ 480 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಒಪ್ಪುವ ಮಿತಿ 200, ಬೇರೆ ನೀರು ಸಿಗದಿದ್ದರೆ 600ರವರೆಗೆ. ಬಿಐಎಸ್ ಒಪ್ಪಿದರೂ ಗೀಸರ್ ಒಪ್ಪಲ್ಲ, ಅಲ್ವಾ?

ಒಂದು ಭಾನುವಾರ ಬಿಚ್ಚಿದೆ. ಬರೀ ಸ್ವಿಚ್ ಅಲ್ಲ, ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಎಂಸಿಬಿಯನ್ನೇ ಇಳಿಸಿದೆ, ಮೇಲೆ ಟೆಸ್ಟರ್ ಇಟ್ಟು ನೋಡಿದೆ. ಕರೆಂಟಿನ ಕೆಲಸ ರೂಢಿ ಇಲ್ಲದವರು ವೈರ್ ಬಿಚ್ಚಿ ಕೂಡಿಸುವಷ್ಟಕ್ಕಾದರೂ ಎಲೆಕ್ಟ್ರಿಷಿಯನ್ ಕರೆಯಿರಿ, ಇದರಲ್ಲಿ ಧೈರ್ಯ ತೋರಿಸುವಂಥದ್ದೇನೂ ಇಲ್ಲ. ನೀರು ಪೂರ್ತಿ ತಣ್ಣಗಾದ ಮೇಲೆ ಕೆಳಗಿನ ಕಾಕ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ತಣ್ಣೀರು ಬರುವ ಪೈಪ್ ಕಳಚಿದೆ. ನಲ್ಲಿ ತೆರೆದಿರದಿದ್ದರೆ ಒಳಗೆ ಗಾಳಿ ಹೋಗುವುದಿಲ್ಲ, ನೀರು ಇಳಿಯುವುದಿಲ್ಲ. ವೈರುಗಳ ಫೋಟೋ ಮೊದಲೇ ತೆಗೆದುಕೊಂಡಿದ್ದೆ. ನಾನು ಮತ್ತು ಮಗ ಸೇರಿ ಗೀಸರನ್ನು ಕೊಕ್ಕೆಯಿಂದ ಇಳಿಸಿ ಬಚ್ಚಲಲ್ಲಿ ತಲೆಕೆಳಗು ನಿಲ್ಲಿಸಿದೆವು.

ನಟ್ಟು ಬಿಚ್ಚಿ ಕಾಯಿಲ್ ಇರುವ ಮುಚ್ಚಳ ಎತ್ತಿದರೆ ಕಾಯಿಲ್ ಕಾಣಲೇ ಇಲ್ಲ, ಹಪ್ಪಳದಂಥ ಚಕ್ಕೆಗಳ ಒಂದು ಗೊಂಚಲು ಬಂತು. ಅದರ ಪಕ್ಕ ಮೆಗ್ನೀಸಿಯಂ ಕಡ್ಡಿ ಇರಬೇಕಿತ್ತು. ಅದು ತಾನು ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಕಡ್ಡಿ. ನಮ್ಮದರಲ್ಲಿ ಉಳಿದಿದ್ದು ನಡುವಿನ ತಂತಿ ಮಾತ್ರ. ಕಾಯಿಲ್ ಹಾಕಿದವನಿಗೆ ಇದು ಕಣ್ಣಿಗೆ ಬೀಳಲಿಲ್ಲವೇ ಅಂತ ಈಗಲೂ ಅನಿಸುತ್ತದೆ.

ತಳದ ಚಕ್ಕೆ ಎರಡು ಮಗ್ ತುಂಬ ಬಂತು. ಗಟ್ಟಿಯಾಗಿ ಹಿಡಿದದ್ದನ್ನು ಕಟ್ಟಿಗೆಯ ಸೌಟಿನ ಹಿಡಿಯಿಂದ ಕೆರೆದೆ. ಸ್ಕ್ರೂಡ್ರೈವರ್ ಹಾಕಬೇಡಿ, ಒಳಗಿನ ಲೇಪ ಕಿತ್ತರೆ ತುಕ್ಕು ಅಲ್ಲಿಂದಲೇ ಶುರು. ಉಳಿದದ್ದಕ್ಕೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್: ಎರಡು ಲೀಟರ್ ಉಗುರುಬೆಚ್ಚಗಿನ ನೀರಿಗೆ 100 ಗ್ರಾಂ. ಟ್ಯಾಂಕಿಗೆ ಒಂದು ಸಲ, ಕಾಯಿಲ್‌ಗೆ ಬಕೆಟ್‌ನಲ್ಲಿ ಬೇರೆ. ವೈರ್ ಕೂಡಿಸುವ ತುದಿ ನೀರಿಗೆ ತಾಗದಂತೆ ನೋಡಿಕೊಂಡೆ. ಸುಯ್ ಅಂತ ನೊರೆ ಎದ್ದು ಎರಡು ಗಂಟೆಯಲ್ಲಿ ಪದರ ಬೆಣ್ಣೆಯ ಹಾಗೆ ಬಿಟ್ಟುಕೊಂಡಿತು. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರೆ ಬೇಗ ಆಗುತ್ತದೆ ಅಂತ ಮಗ ಅಂದ. ಬೇಗ ಆಗುತ್ತದೆ ನಿಜ, ಜೊತೆಗೆ ಲೋಹವನ್ನೂ ತಿನ್ನುತ್ತದೆ.

ಒಂದು ತಪ್ಪು ಮಾಡಿದೆ. ಮುಚ್ಚಳ ಕೂಡಿಸುವಾಗ, ನೀರು ಸೋರದಂತೆ ತಡೆಯುವ ಹಳೆಯ ರಬ್ಬರ್ ಗ್ಯಾಸ್ಕೆಟ್ ಚೆನ್ನಾಗೇ ಇದೆ ಅಂತ ಅದನ್ನೇ ಹಾಕಿದೆ. ನೀರು ತುಂಬಿದ ಕೂಡಲೇ ತೊಟ ತೊಟ. ಇನ್ನೊಮ್ಮೆ ಎಲ್ಲ ಬಿಚ್ಚಬೇಕಾಯಿತು. ಗ್ಯಾಸ್ಕೆಟ್ ಮತ್ತು ಮೆಗ್ನೀಸಿಯಂ ಕಡ್ಡಿ ಮೊದಲೇ ತಂದಿಟ್ಟುಕೊಳ್ಳಿ. ಟ್ಯಾಂಕ್ ತುಂಬಿ, ನಲ್ಲಿಯಿಂದ ನೀರು ಸರಾಗ ಬಂದ ಮೇಲಷ್ಟೇ ಕರೆಂಟ್ ಕೊಡಬೇಕು. ಇಲ್ಲದಿದ್ದರೆ ಒಣ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಸುಣ್ಣ ಕಟ್ಟಿದರೆ ಬಿಲ್ ಜಾಸ್ತಿ ಬರುತ್ತದೆ ಅನ್ನುತ್ತಾರೆ. ನನಗೆ ಹಾಗೇನೂ ಕಾಣಲಿಲ್ಲ. ಕಾಯಿಲ್ ನೀರಿನೊಳಗೇ ಮುಳುಗಿರುವಾಗ ಶಾಖ ಬೇರೆ ಎಲ್ಲಿಗೆ ಹೋಗಬೇಕು? 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು ಲೆಕ್ಕದ ಪ್ರಕಾರ 18 ನಿಮಿಷ, ಆಗಲೂ ಈಗಲೂ ಹೆಚ್ಚುಕಡಿಮೆ ಅಷ್ಟೇ. ಹಾಳಾಗುವುದು ಕಾಯಿಲ್. ಶಾಖ ಬಿಟ್ಟುಕೊಡಲು ಆಗದೆ ತಾನೇ ವಿಪರೀತ ಕಾದು ಸಾಯುತ್ತದೆ. ಥರ್ಮೋಸ್ಟಾಟ್ 75ರಲ್ಲಿತ್ತು, 60ಕ್ಕೆ ಇಳಿಸಿದ್ದೇನೆ. ನೀರು ಬಿಸಿಯಾದಷ್ಟೂ ಸುಣ್ಣ ಜಾಸ್ತಿ ಕೂರುತ್ತದೆ.

ಈ ರಿಪೇರಿ ನೋಡಲು ಬಂದ ಪಕ್ಕದ ಮನೆಯವರು, ತಮ್ಮ ಗೀಸರ್‌ನ ಸೇಫ್ಟಿ ವಾಲ್ವ್ ಹನಿಯುತ್ತದೆ ಅಂತ ಅದರ ಬಾಯಿ ಮುಚ್ಚಿಸಿದ್ದನ್ನು ಹೇಳಿದರು. ಕೇಳಿ ಎದೆ ಧಸಕ್ ಅಂತು. 15 ಲೀಟರ್ ನೀರು ಕಾದಾಗ ಒಂದು ಲೋಟದಷ್ಟು ಹಿಗ್ಗುತ್ತದೆ, ಆ ಹನಿ ಅದೇ. ಅದಕ್ಕೆ ದಾರಿ ಮುಚ್ಚಿದರೆ ಒತ್ತಡಕ್ಕೆ ಟ್ಯಾಂಕೇ ಒಡೆಯಬಹುದು. ಅವತ್ತೇ ಹೋಗಿ ಎಂಸಿಬಿ ಇಳಿಸಿ ವಾಲ್ವ್ ಬದಲಿಸಿಕೊಟ್ಟೆ.

ಈಗ ಸ್ವಿಚ್ ಹಾಕಿದರೆ ಸಣ್ಣಗೆ ಸುಂಯ್ ಅನ್ನುತ್ತದೆ, ಅಷ್ಟೇ. ಅವ್ವ ಮಾತ್ರ ಇನ್ನೊಂದು ಬಚ್ಚಲಿನ ಗೀಸರ್‌ಗೆ ಕಿವಿ ಹಚ್ಚಿ ನಿಂತು, "ಇದೂ ಶುರು ಹಚ್ಚಿಕೊಂಡೈತಿ ನೋಡು" ಅಂದಿದ್ದಾಳೆ. ಗ್ಯಾಸ್ಕೆಟ್ ತಂದಿಟ್ಟಿದ್ದೇನೆ. ಬರುವ ಭಾನುವಾರ ಅದು.