ಚೊಗರಿನ ಬಣ್ಣ ನಿಂತಿತು: 80ರ ನೂಲಿನಲ್ಲಿ ನನ್ನ ಅನುಭವ

ಚೊಗರಿನ (ಅಡಿಕೆ ಬೇಯಿಸಿದಾಗ ಸಿಗುವ ಗಟ್ಟಿ ಕೆಂಪು ರಸ) ಬಣ್ಣ 80ರ ಸಣ್ಣ ನೂಲಿಗೆ ಹಿಡಿಯೋದಿಲ್ಲ, ಹಿಡಿದರೂ ಹಾಸು (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು) ಬಾಳೋದಿಲ್ಲ ಎಂದು ಕಿನ್ನಿಗೋಳಿ ಕಡೆಯ ಹಳೇ ನೇಕಾರರೇ ಹೇಳಿದ್ದರು. ಆದರೂ ಆ ನೂಲಿಗೆ ಚೊಗರು ಹಾಕಿ ನಾನು ನೇಯ್ದ ಸೀರೆಗಳು ಈಗ ಎರಡು ಮಳೆಗಾಲ ದಾಟಿವೆ. ಬಣ್ಣ ಬಿಟ್ಟಿಲ್ಲ.

ನಮ್ಮ ಕರಾವಳಿಯವರು ಅಡಿಕೆ ಒಣಗಿಸಿ ಚಾಲಿ ಮಾಡುತ್ತಾರೆ, ಬೇಯಿಸೋದು ಘಟ್ಟದ ಮೇಲೆ. ಹಾಗಾಗಿ ಚೊಗರನ್ನು ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿಸಿ ತರಿಸಿದೆ. ನೂಲೂ ಹೊರಗಿನದ್ದೇ. ಇಷ್ಟು ಮಳೆಗೆ ಇಲ್ಲಿ ಹತ್ತಿ ಎಲ್ಲಿ ಬೆಳೆದೀತು? 80 ಅಂದರೆ ಒಂದು ಪೌಂಡಿಗೆ 840 ಗಜದ 80 ಲಡಿ (ನೂಲಿನ ಸುರುಳಿ), ಅಷ್ಟು ಸಣ್ಣ ಎಳೆ. ನಮ್ಮ ಹಳೇ ನಾಟಿ ಹತ್ತಿಯ ಎಳೆ ಗಿಡ್ಡ. ಈಗಿನ ಸಣ್ಣ ನೂಲಿಗೆ ಬಳಸುವ ಉದ್ದ ಎಳೆಯ ಹತ್ತಿಯ ಮೂಲ ಅಮೆರಿಕ.

ನನಗೆ ಬೇಕಿದ್ದದ್ದು ಖಾಕಿ ಛಾಯೆ. ಬಾಸೆಲ್ ಮಿಷನ್ನಿನ ಜಾನ್ ಹಾಲರ್ 1851ರಲ್ಲಿ ಮಂಗಳೂರಿಗೆ ಬಂದರು. ಇಲ್ಲಿನ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣ ತಯಾರಿಸಿದ ಹೆಸರು ಅವರದ್ದೇ. ಆ ಬಣ್ಣ ನಮ್ಮ ಮಗ್ಗದಲ್ಲಿ ಮತ್ತೆ ಕಾಣಬೇಕು ಅನ್ನೋದು ನನ್ನ ಹಠ. ಚೊಗರಿಗೆ ಅನ್ನಭೇದಿ (ಕಬ್ಬಿಣದ ಉಪ್ಪು) ಕೂಡಿಸಿದರೆ ಬಣ್ಣ ಆ ಕಡೆ ವಾಲುತ್ತದೆ. ಆದರೆ ಕಬ್ಬಿಣದ ಅಂಶ ಜಾಸ್ತಿಯಾದರೆ ನೂಲು ಪುಡಿಪುಡಿ. ಮೊದಲ ಲಾಟಿನಲ್ಲಿ ಲಾಳಿ ಓಡಿದಷ್ಟು ಸಲ ಹಾಸು ಹರಿಯಿತು. ಎಳೆ ಕಟ್ಟುತ್ತಾ ಕೂತು ದಿನದ ಕೂಲಿ ಹೋಯಿತು. ನೂಲು, ಕೂಲಿ ಸೇರಿ ಹತ್ತಿರಹತ್ತಿರ ಹದಿನೈದು ಸಾವಿರ ನೀರಿಗೆ.

ಬಣ್ಣ ನಿಲ್ಲಿಸಿದ್ದು ತೊಳೆಯುವ ಕೆಲಸ. ಹತ್ತಿಯಲ್ಲಿ ಸಹಜವಾಗಿ ಮೇಣ ಇರುತ್ತದೆ, ಅದು ಹೋಗದೆ ಬಣ್ಣ ಒಳಗಿಳಿಯೋದಿಲ್ಲ. ವಾಷಿಂಗ್ ಸೋಡಾ ಹಾಕಿ ಎರಡು ಗಂಟೆಗೂ ಹೆಚ್ಚು ಕುದಿಸಿದೆ. ಲಡಿಯನ್ನು ತಣ್ಣೀರಿಗೆ ಬಿಟ್ಟಾಗ ತೇಲಿದರೆ ಮತ್ತೆ ಕುದಿಸಬೇಕು, ಕಲ್ಲಿನ ಹಾಗೆ ಮುಳುಗಿದರೆ ಸರಿ. ಆಮೇಲೆ ಚೊಗರು, ಆಮೇಲೆ ಪಟಿಕ, ಕೊನೆಗೆ ಚಿಟಿಕೆ ಅನ್ನಭೇದಿ, ಅದೂ ತಣ್ಣಗಿನ ನೀರಲ್ಲಿ. ಎಷ್ಟು ಹೊತ್ತು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ, ಅದು ನನ್ನ ಮಗ್ಗದ ಅನ್ನ. ನೂಲಿಗೆ ಹಚ್ಚುವ ಗಂಜಿಯಲ್ಲೂ ಒಂದು ಬದಲಾವಣೆ ಮಾಡಿದ್ದೇನೆ, ಆಷಾಢದಲ್ಲೂ ಬೂಸ್ಟು ಹಿಡಿದಿಲ್ಲ.

ನಡುವೆ ಬಾಳೆನಾರನ್ನು ಹೊಕ್ಕಿಗೆ (ಅಡ್ಡ ಎಳೆಗೆ) ಹಾಕಿ ನೋಡಿದೆ. ಒದ್ದೆ ಇರುವಾಗ ಬಾಗುತ್ತದೆ, ಒಣಗಿದರೆ ಸೆಟೆದು ನಿಲ್ಲುತ್ತದೆ. ಸೀರೆಗೆ ಬೇಡ. ಚೀಲಕ್ಕೆ ಸೊಗಸಾಗಿದೆ.

2016ರಲ್ಲಿ ಉಡುಪಿ ಸೀರೆಗೆ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಮಾನ್ಯತೆ ಬಂದ ಮೇಲೆ ಕೇಳಿಕೊಂಡು ಬರುವವರಿದ್ದಾರೆ. ಚೊಗರಿನ ಸೀರೆಗೆ ಮಾಮೂಲಿಗಿಂತ ಸುಮಾರು ಎಂಟುನೂರು ಜಾಸ್ತಿ ಸಿಗುತ್ತಿದೆ. ಬಣ್ಣದ ಖರ್ಚು ಕಳೆದರೂ ಐನೂರರ ಹತ್ತಿರ ಕೈಯಲ್ಲಿ ಉಳಿಯುತ್ತದೆ. ಮುಂದಿನ ಹಾಸು ಮಂಜಿಷ್ಠ ಬೇರಿನ ಕೆಂಪು, ನೂಲು ಆಗಲೇ ಕುದಿಸಿಟ್ಟಿದ್ದೇನೆ.