ಎಚ್‌-1ಬಿ: ಹುದ್ದೆಯ ಅರ್ಹತೆ ಸಾಬೀತು ಮಾಡುವುದು ಹೇಗೆ?

ಅಮೆರಿಕದ ಉದ್ಯೋಗ ವೀಸಾ ಎಚ್‌-1ಬಿ ಅರ್ಜಿಗೆ ದಾಖಲೆ ಕೊಡಿ ಎಂದರೆ ನಮ್ಮವರು ಮೊದಲು ತೆಗೆಯುವುದು ವಿಟಿಯು ಅಂಕಪಟ್ಟಿಗಳ ಕಟ್ಟು. ಅದೂ ಬೇಕು, ಆದರೆ ಅದು ನಿಮ್ಮ ಓದಿಗೆ ಸಾಕ್ಷಿಯೇ ಹೊರತು ಹುದ್ದೆಗೆ ಆ ಓದು ಬೇಕು ಎಂಬುದಕ್ಕಲ್ಲ. ಚಿನ್ನದ ಪದಕದವರನ್ನು ಕೂರಿಸಿದರೂ ಡೇಟಾ ಎಂಟ್ರಿ ‘ಸ್ಪೆಷಾಲ್ಟಿ ಆಕ್ಯುಪೇಶನ್’ (ನಿರ್ದಿಷ್ಟ ವಿಷಯದ ಪದವಿ ಬೇಡುವ ಹುದ್ದೆ) ಆಗದು. ಅರ್ಜಿ ಹಾಕುವುದು ಕಂಪನಿ. ಆದರೂ ಕೆಲಸದ ವಿವರ ಬರೆದುಕೊಡಿ ಎಂಬ ಮೇಲ್ ವಕೀಲರ ಕಚೇರಿಯಿಂದ ಎಷ್ಟೋ ಸಲ ನಿಮಗೇ ಬರುತ್ತದೆ. ಎಡವುವುದು ಅಲ್ಲೇ.

ಮೊದಲು ಮಾನದಂಡ ಆರಿಸಿಕೊಳ್ಳಿ. ಇರುವುದು ನಾಲ್ಕು: ಆ ಬಗೆಯ ಹುದ್ದೆಗೆ ಸಾಮಾನ್ಯವಾಗಿ ನಿರ್ದಿಷ್ಟ ವಿಷಯದ ಪದವಿ ಬೇಕು, ಅದೇ ಉದ್ಯಮದ ಬೇರೆ ಕಂಪನಿಗಳೂ ಕೇಳುತ್ತವೆ, ನಿಮ್ಮ ಕಂಪನಿ ಹಿಂದಿನಿಂದಲೂ ಕೇಳುತ್ತ ಬಂದಿದೆ, ಇಲ್ಲವೇ ಕೆಲಸವೇ ಅಷ್ಟು ಕ್ಲಿಷ್ಟ. ಒಂದು ಸಾಕು, ಎರಡು ಹಿಡಿದರೆ ಕ್ಷೇಮ. 2025ರ ಜನವರಿ 17ರಿಂದ ಜಾರಿಯಲ್ಲಿರುವ ನಿಯಮದಂತೆ ‘ಸಾಮಾನ್ಯವಾಗಿ’ ಎಂದರೆ ‘ಯಾವಾಗಲೂ’ ಎಂದಲ್ಲ. ಆದರೆ ಪದವಿಗೂ ಕೆಲಸಕ್ಕೂ ನೇರ ಸಂಬಂಧ ಇರಲೇಬೇಕು. ಬರೀ ‘ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಪದವಿ’ ಎಂದು ಬರೆದರೆ ನಡೆಯದು. ‘ಯಾವುದಾದರೂ ಎಂಜಿನಿಯರಿಂಗ್’ ಎನ್ನುವುದೂ ಅಪಾಯವೇ. ಎರಡು ಮೂರು ವಿಷಯ ಹೆಸರಿಸಿದರೆ ಪ್ರತಿಯೊಂದನ್ನೂ ಕೆಲಸಕ್ಕೆ ಗಂಟು ಹಾಕಬೇಕು.

ಎಲ್‌ಸಿಎ (ಹುದ್ದೆ, ಸಂಬಳದ ವಿವರವಿರುವ ಅರ್ಜಿ) ಸಲ್ಲಿಸುವುದು ಕಂಪನಿಯ ಪಾಲು, ಅದನ್ನು ನೋಡಲು ಅಮೆರಿಕದ ಕಾರ್ಮಿಕ ಇಲಾಖೆಗೆ 7 ಕೆಲಸದ ದಿನ ಬೇಕು. ಅದರಲ್ಲಿನ ಎಸ್‌ಒಸಿ ಕೋಡ್ (ಹುದ್ದೆಯ ಬಗೆ ಹೇಳುವ ಸಂಖ್ಯೆ) ಮತ್ತು ಸಂಬಳದ ಲೆವೆಲ್ ಮಾತ್ರ ಕೇಳಿ ತಿಳಿದುಕೊಳ್ಳಿ. ಲೆವೆಲ್ 1 ಅಂದರೆ ಹೊಸಬರ ಹುದ್ದೆ. ಹಾಗೆ ತೋರಿಸಿ, ವಿವರದಲ್ಲಿ ‘ಸ್ವತಂತ್ರವಾಗಿ ತಂಡ ಮುನ್ನಡೆಸುತ್ತಾರೆ’ ಎಂದು ಬರೆದರೆ ನಿಮ್ಮ ಕಾಗದವೇ ನಿಮಗೆ ಎದುರು ಸಾಕ್ಷಿ.

ಈಗ ಕೆಲಸದ ವಿವರ. ‘ಡೆವಲಪ್‌ಮೆಂಟ್, ಟೆಸ್ಟಿಂಗ್, ಮೀಟಿಂಗ್‌ಗಳಲ್ಲಿ ಭಾಗವಹಿಸುವುದು’ ಎಂಬ ಸಾಲು ಯಾರಿಗೆ ಬೇಕಾದರೂ ಹೊಂದುತ್ತದೆ. ಆರರಿಂದ ಎಂಟು ಕೆಲಸ ಆರಿಸಿ, ಪ್ರತಿಯೊಂದಕ್ಕೂ ಸಮಯದ ಪಾಲು ಹಾಕಿ. ಒಟ್ಟು ನೂರಕ್ಕೆ ಸರಿಹೋಗಲಿ. ಹೀಗೆ ಬರೆಯಿರಿ: ‘ಶೇ 30, ವಾರಕ್ಕೆ 12 ಗಂಟೆ. ಕಾರ್ಡ್ ವಹಿವಾಟಿನಲ್ಲಿ ವಂಚನೆ ಹಿಡಿಯುವ ಮಾಡೆಲ್ ಕಟ್ಟುವುದು, ಎಷ್ಟು ಅಂಕಕ್ಕೆ ವಹಿವಾಟು ತಡೆಯಬೇಕೆಂದು ನಿರ್ಧರಿಸುವುದು. ಮಿತಿ ತಪ್ಪಿದರೆ ಪ್ರಾಮಾಣಿಕ ಗ್ರಾಹಕರ ಕಾರ್ಡೇ ನಿಂತುಹೋಗುತ್ತದೆ. ಬೇಕಾದ ಓದು: ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ, ಮಷೀನ್ ಲರ್ನಿಂಗ್.’ ಕೊನೆಯ ಸಾಲನ್ನೇ ಜನ ಬಿಡುವುದು, ಅಧಿಕಾರಿ ಹುಡುಕುವುದೂ ಅದನ್ನೇ. ಜಾವಾ, ಪೈಥಾನ್ ಎಂದು ಹೆಸರು ಪೋಣಿಸಿದರೆ ಪ್ರಯೋಜನವಿಲ್ಲ. ಅವನ್ನು ಆರು ತಿಂಗಳ ಕೋರ್ಸಿನಲ್ಲೂ ಕಲಿಯಬಹುದಲ್ಲ! ಸಹೋದ್ಯೋಗಿಯ ವಿವರ ನಕಲು ಮಾಡಬೇಡಿ. ಉಬ್ಬಿಸಿಯೂ ಬರೆಯಬೇಡಿ: ಅಧಿಕಾರಿಗಳು ಕಚೇರಿಗೆ ಬಂದು ವಿಚಾರಿಸಬಹುದು, ವೀಸಾ ಸಂದರ್ಶನದಲ್ಲೂ ಇದೇ ಪ್ರಶ್ನೆ ಬರಬಹುದು.

ಜೊತೆಗೆ ಸಂಸ್ಥೆಯಲ್ಲಿ ಯಾರ ಕೆಳಗೆ ಯಾರು ಎಂದು ತೋರಿಸುವ ಆರ್ಗ್ ಚಾರ್ಟ್, ಅದೇ ಹುದ್ದೆಯಲ್ಲಿರುವವರ ಪದವಿ ದಾಖಲೆ, ಸಮಾನ ಗಾತ್ರದ ಕಂಪನಿಗಳ ಜಾಹೀರಾತು ಇರಲಿ. ನಿಮ್ಮನ್ನು ಕ್ಲೈಂಟ್‌ನ ತಂಡಕ್ಕೇ ಕೊಟ್ಟಿದ್ದರೆ ಪದವಿ ಬೇಕು ಎನ್ನಬೇಕಾದವರು ಆ ಕ್ಲೈಂಟ್. ನಡುವಿನ ವೆಂಡರ್ ಪತ್ರ ಅದಕ್ಕೆ ಬದಲಿಯಲ್ಲ. ದುಡ್ಡು ಕೊಟ್ಟರೆ ಸಿಗುವ ರೆಡಿಮೇಡ್ ‘ತಜ್ಞರ ಅಭಿಪ್ರಾಯ’ ಬೇಡವೇ ಬೇಡ. ಪ್ರಾಧ್ಯಾಪಕರು ನಿಮ್ಮ ವಿವರ ಓದಿ ಬರೆದಿದ್ದರೆ ಮಾತ್ರ ಅದಕ್ಕೆ ತೂಕ.

ಇಷ್ಟಾದರೂ ಆರ್‌ಎಫ್‌ಇ (ಇನ್ನಷ್ಟು ದಾಖಲೆ ಕೇಳುವ ನೋಟಿಸ್) ಬಂದರೆ, ಗಡುವು ಅದರಲ್ಲೇ ಇರುತ್ತದೆ, ಹೆಚ್ಚೆಂದರೆ 84 ದಿನ. ಉತ್ತರವನ್ನು ಒಂದೇ ಸಲ, ಎಲ್ಲ ದಾಖಲೆಯೊಂದಿಗೆ ಕಳಿಸಬೇಕು. ಅರ್ಧ ಕಳಿಸಿ ‘ಉಳಿದದ್ದು ಆಮೇಲೆ’ ಎಂದರೆ, ಕೈಯಲ್ಲಿರುವ ಅರ್ಧದ ಮೇಲೆಯೇ ತೀರ್ಮಾನವಾಗುತ್ತದೆ.