ಮೂವರಿಗೆ ಒಂದೇ ಪಾಸ್‌ವರ್ಡ್ ಬೇಡ

ಕಂಪ್ಯೂಟರ್ ಮಂಡ್ಯದ ಬೆಲ್ಲದ ಮಂಡಿಯಲ್ಲಿ, ಲೆಕ್ಕ ಬರೆಯುವವರು ಮೈಸೂರಿನಲ್ಲಿ. ದೂರದಿಂದಲೇ ಆ ಕಂಪ್ಯೂಟರ್ ಬಳಸಲು ಬಿಡುವ ರಿಮೋಟ್ ಡೆಸ್ಕ್‌ಟಾಪ್ ಇದ್ದರೆ ದಿನಾ ಬಸ್ಸು ಹತ್ತುವ ಕೆಲಸವಿಲ್ಲ. ಆದರೆ ಮಾಲೀಕರು, ಗುಮಾಸ್ತರು, ಲೆಕ್ಕಿಗರು ಮೂವರೂ ಒಂದೇ ಪಾಸ್‌ವರ್ಡ್ ಹೊಡೆಯುತ್ತಿದ್ದರೆ, ಒಂದು ಪಟ್ಟಿ ಅಳಿಸಿಹೋದ ದಿನ ಅದು ಯಾರ ಕೈ ಎಂದು ಹೇಳಲು ದಾರಿಯೇ ಇರದು. ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಖಾತೆ.

ಮಂಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು. ಹೋಮ್ ಆವೃತ್ತಿಯಿಂದ ಬೇರೆ ಕಡೆಗೆ ಹೋಗಬಹುದೇ ಹೊರತು ಅದರೊಳಕ್ಕೆ ಬರಲಾಗದು. ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು, ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್‌ನಲ್ಲಿ ಖಾತೆಗಳನ್ನು ಮಾಡಿ. ಪಾಸ್‌ವರ್ಡ್ ಖಾಲಿ ಬಿಡಬೇಡಿ: ಅಂಥ ಖಾತೆಗೆ ಎದುರು ಕೂತು ಲಾಗಿನ್ ಆಗಬಹುದು, ದೂರದಿಂದ ಆಗದು. ಇದು ತಿಳಿಯದೆ ಇಂಟರ್ನೆಟ್ ಸರಿಯಿಲ್ಲವೆಂದು ಒದ್ದಾಡುವವರು ಬಹಳ.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ. ಅಲ್ಲೇ ಕೆಳಗಿರುವ ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್ ಪಟ್ಟಿಗೆ ಬೇಕಾದವರ ಹೆಸರಷ್ಟೇ ಸೇರಿಸಿ. ಸಲೀಸಾಗಲಿ ಎಂದು ಯಾರನ್ನೂ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ತಳ್ಳಬೇಡಿ. ನೀವು ಹಾಕುವ ಕಟ್ಟುಪಾಡನ್ನೆಲ್ಲ ಅವರು ತಾವೇ ಬಿಚ್ಚಿಕೊಳ್ಳಬಹುದು.

ಹೆಚ್ಚಿನವರು ಎಡವುವುದು ಲೆಕ್ಕ ಇಡುವ ಫೋಲ್ಡರಿನ ಹಕ್ಕುಗಳಲ್ಲಿ. ಡಿ ಡ್ರೈವ್‌ನಲ್ಲಿ ಹೊಸ ಫೋಲ್ಡರ್ ಮಾಡಿದರೆ ‘ಆಥೆಂಟಿಕೇಟೆಡ್ ಯೂಸರ್ಸ್’ ಹೆಸರಿನಲ್ಲಿ, ಲಾಗಿನ್ ಆದವರಿಗೆಲ್ಲ ತಿದ್ದುವ, ಅಳಿಸುವ ಹಕ್ಕು ಸಾಮಾನ್ಯವಾಗಿ ತಾನಾಗಿ ಬಂದಿರುತ್ತದೆ. ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಡಿಸೇಬಲ್ ಇನ್‌ಹೆರಿಟೆನ್ಸ್ (ಮೇಲಿನಿಂದ ತಾನಾಗಿ ಬರುವ ಹಕ್ಕನ್ನು ನಿಲ್ಲಿಸುವುದು) ಒತ್ತಿ, ಬಂದ ಹಕ್ಕುಗಳನ್ನು ತಿದ್ದಬಹುದಾದಂತೆ ಉಳಿಸುವ ‘ಕನ್ವರ್ಟ್’ ಆರಿಸಿ. ‘ರಿಮೂವ್ ಆಲ್’ ಒತ್ತಿದರೆ ನಿಮಗೇ ಬಾಗಿಲು ಮುಚ್ಚೀತು. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಎರಡನ್ನು ಉಳಿಸಿ, ಆಥೆಂಟಿಕೇಟೆಡ್ ಯೂಸರ್ಸ್ ಮತ್ತು ಯೂಸರ್ಸ್ ತೆಗೆಯಿರಿ. ಲೆಕ್ಕಿಗರಿಗೆ ಮಾಡಿಫೈ, ಅಂದರೆ ತಿದ್ದುವ ಹಕ್ಕು, ಕೊಡಿ. ಲೆಕ್ಕದ ತಂತ್ರಾಂಶವಾದ ಟ್ಯಾಲಿಯ ಡೇಟಾ ಇರುವ ಫೋಲ್ಡರಿಗೆ ಬರೀ ರೀಡ್, ಅಂದರೆ ಓದುವ ಹಕ್ಕು, ಸಾಲದು. ನೋಡಲಷ್ಟೇ ಬಿಡಬೇಕಾದವರನ್ನು ಟ್ಯಾಲಿಯ ಯೂಸರ್ ರೋಲ್‌ನಲ್ಲೇ ಬಿಗಿಯಬೇಕು.

ವಿಂಡೋಸ್ ಪ್ರೊದಲ್ಲಿ ಒಂದು ಹೊತ್ತಿಗೆ ಒಬ್ಬರದೇ ಪರದೆ. ಗುಮಾಸ್ತರು ಬಿಲ್ ಹಾಕುತ್ತಿರುವಾಗ ಮೈಸೂರಿನಿಂದ ಬೇರೆ ಖಾತೆಯಲ್ಲಿ ಬಂದರೆ, ಇಲ್ಲಿ ‘ಬಿಡಲೇ?’ ಎಂದು ಕೇಳುವ ಪೆಟ್ಟಿಗೆ ಮೂಡುತ್ತದೆ. ಗುಮಾಸ್ತರು ತಕ್ಕಡಿಯ ಕಡೆ ತಿರುಗಿದ್ದು 30 ಸೆಕೆಂಡು ಉತ್ತರ ಕೊಡದಿದ್ದರೆ ಪರದೆ ಅತ್ತ ಹೋಗುತ್ತದೆ. ತೆರೆದ ಕೆಲಸ ಅಳಿಯುವುದಿಲ್ಲ, ಮತ್ತೆ ಲಾಗಿನ್ ಆದರೆ ಸಿಗುತ್ತದೆ. ಗಾಬರಿಯಲ್ಲಿ ಕಂಪ್ಯೂಟರ್ ಆಫ್ ಮಾಡುವುದೇ ತಪ್ಪು. ಇಬ್ಬರೂ ಒಂದೇ ಪರದೆ ನೋಡಬೇಕಿದ್ದರೆ ಮೈಕ್ರೋಸಾಫ್ಟ್‌ನ ಪರದೆ ಹಂಚುವ ಆ್ಯಪ್ ಕ್ವಿಕ್ ಅಸಿಸ್ಟ್ ಬಳಸಿ. ಅದರ ಕೋಡ್ 10 ನಿಮಿಷಕ್ಕೆ ಸಾಯುತ್ತದೆ, ಕಂಟ್ರೋಲ್ ಕೇಳಿದಾಗ ಒಪ್ಪುವುದೂ ಬಿಡುವುದೂ ನಿಮ್ಮ ಕೈಲಿರುತ್ತದೆ.

ರೂಟರಿನಲ್ಲಿ, ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ಹೊರಗೆ ತೆರೆದಿಡಬೇಡಿ. ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲೂ ರಾತ್ರಿ ಹುಡುಕುವ ಬಾಗಿಲು ಅದು. ವಿಪಿಎನ್ (ಇಂಟರ್ನೆಟ್ಟಿನೊಳಗೇ ಹಾಯುವ ಖಾಸಗಿ, ಗುಪ್ತ ದಾರಿ) ಮೂಲಕವೇ ಬನ್ನಿ. ಲೋಕಲ್ ಸೆಕ್ಯುರಿಟಿ ಪಾಲಿಸಿಯಲ್ಲಿ 5 ಸಲ ತಪ್ಪಿದರೆ 15 ನಿಮಿಷ ಖಾತೆ ಬೀಗ ಬೀಳುವಂತೆಯೂ ಇಡಿ.

ಕೆಲಸ ಮುಗಿದಾಗ ಮೇಲಿನ ಎಕ್ಸ್ ಒತ್ತುವುದಲ್ಲ, ಸೈನ್ ಔಟ್ ಆಗಬೇಕು. ಎಕ್ಸ್ ಒತ್ತಿದರೆ ಸಂಪರ್ಕವಷ್ಟೇ ಕಡಿಯುತ್ತದೆ, ಸೆಷನ್, ಅಂದರೆ ಲಾಗಿನ್ ಆಗಿ ತೆರೆದ ಕೆಲಸ, ಒಳಗೆ ಹಾಗೇ ಉಳಿಯುತ್ತದೆ. ಯಾರಾದರೂ ಕೆಲಸ ಬಿಟ್ಟರೆ ಅವತ್ತೇ ಖಾತೆಯನ್ನು ಡಿಸೇಬಲ್ ಮಾಡಿ. ಹಾಗೆ ಮಾಡಿದರೂ ನಡೆಯುತ್ತಿರುವ ಸೆಷನ್ ಮುರಿಯುವುದಿಲ್ಲ, ಅದಕ್ಕೆ ಟಾಸ್ಕ್ ಮ್ಯಾನೇಜರ್‌ನ ಯೂಸರ್ಸ್ ಪಟ್ಟಿಯಲ್ಲಿ ಅವರ ಹೆಸರು ಹಿಡಿದು ಸೈನ್ ಆಫ್ ಕೊಡಿ.